ಪಂಜರದ ಬಾಗಿಲು ಬಡಿಯುತ್ತಿದ್ದವರು

ಸುದ್ದಿ ಬಂದಾಗ ನಾನು ರಿಜಿಸ್ಟರಿನಲ್ಲಿ ನವಿಲುಗಳ ಸಾಲು ತುಂಬುತ್ತಿದ್ದೆ. ಸಂಜೆ ಐದೂವರೆ. ಫೋನಿನಲ್ಲಿ ಅವರ ಮಗಳು, ಎಮ್ಮಿಗನೂರಿನಿಂದ. "ಅವ್ವ ಹೋದ್ಲ್ರಿ ಮೇಡಂ. ಮಧ್ಯಾಹ್ನ. ನಿಮಗೊಂದು ಮಾತು ತಿಳಿಸು ಅಂದಿದ್ಲು." ಹೂಂ ಎಂದೆ. ಮಣ್ಣು ಯಾವಾಗ ಎಂದು ಕೇಳಿದೆ. ನಾಳೆ ಹತ್ತಕ್ಕೆ ಎಂದಳು. ಫೋನ್ ಕೆಳಗಿಟ್ಟು ನವಿಲುಗಳ ಸಾಲು ಮುಗಿಸಿದೆ. ಗಂಡು ಎರಡು, ಹೆಣ್ಣು ಮೂರು, ಒಂದರ ರೆಕ್ಕೆಯ ಗಾಯ ಒಣಗುತ್ತಿದೆ. ಮೊನ್ನೆ ಆ ಪುಟ ತೆಗೆದು ನೋಡಿದೆ. ಯಾವ ಸಾಲು ಸುದ್ದಿಗೆ ಮೊದಲಿನದು, ಯಾವುದು ನಂತರದ್ದು ಎಂದು ನನ್ನ ಅಕ್ಷರದಿಂದ ಹೇಳಲಾಗುವುದಿಲ್ಲ.

ನಮ್ಮ ಕೇಂದ್ರ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡದಲ್ಲಿದೆ. ಗಾಯಗೊಂಡ, ಬಾವಿಗೆ ಬಿದ್ದ, ಯಾರೋ ಸಾಕಿ ಕೈಬಿಟ್ಟ ಪ್ರಾಣಿಗಳನ್ನು ಇಟ್ಟುಕೊಳ್ಳುವ ಜಾಗ. ಮುಂದಿನ ಅರ್ಧ ಭಾಗಕ್ಕೆ ಟಿಕೆಟ್ ಇದೆ. ಹಂಪಿ ನೋಡಿ ಮುಗಿಸಿ ಇನ್ನೂ ಹೊತ್ತು ಉಳಿದವರು, ರಜೆಯ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುವ ತೋರಣಗಲ್ಲಿನ ಕಾರ್ಖಾನೆಯವರು, ಇವರೇ ನಮ್ಮ ಜನ. ನಾನು ಬಳ್ಳಾರಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಇಲ್ಲಿಗೆ ರಿಜಿಸ್ಟರ್ ಮತ್ತು ವರದಿ ಬರೆಯುವ ಕೆಲಸಕ್ಕೆ ಸೇರಿದೆ. ಮನೆಯಲ್ಲಿ ಆಫೀಸು ಕೆಲಸ ಎಂದಷ್ಟೇ ಹೇಳಿದ್ದೆ. ಅದು ಸುಳ್ಳೇನಲ್ಲ. ಆದರೂ ಸಂಜೆ ಮನೆಗೆ ಹೋದರೆ ಸ್ನಾನವಾಗುವವರೆಗೆ ಅಮ್ಮ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆ ಮಗಳ ತಾಯಿ ನಾನು ಸೇರುವುದಕ್ಕಿಂತ ಬಹಳ ಮೊದಲಿನಿಂದ ಅಲ್ಲಿದ್ದರು. ಪಂಜರ ತೊಳೆಯುವುದು, ಆಹಾರ ಹಾಕುವುದು ಅವರ ಕೆಲಸ, ಗುತ್ತಿಗೆಯ ಮೇಲೆ. ಮೊದಲು ಎಮ್ಮಿಗನೂರಿನಲ್ಲಿ ಕಬ್ಬು ಕಡಿಯುವ ಗುಂಪಿನಲ್ಲಿದ್ದವರು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವರಿಗಿಂತ ಹಿರಿಯನಾದ ಕಾವಲುಗಾರ ಕೂಡ. ಹೆಸರು ಬೇರೆ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ಬರುತ್ತದೆ.

ಮೊದಲ ದಿನ ನನಗೆ ಪಂಜರಗಳನ್ನು ತೋರಿಸಲು ಅವರನ್ನೇ ಕಳಿಸಿದ್ದರು. ನಾನು ಪುನುಗುಬೆಕ್ಕಿನ ಪಂಜರದ ಹತ್ತಿರ ನೇರವಾಗಿ ಹೋದೆ.

"ನಿಂದ್ರಿ ಮೇಡಮ್ಮಾರ," ಎಂದರು.

ಕೀಲಿಯ ಗೊಂಚಲಿನಿಂದ ಕಬ್ಬಿಣದ ಬಾಗಿಲನ್ನು ಮೂರು ಸಲ ಮೆಲ್ಲಗೆ ಬಡಿದರು. ಬಡಿದು ಸುಮ್ಮನೆ ನಿಂತರು. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ಒಬ್ರ ಮನಿಗೆ ಹೋದ್ರ ಬಾಗಿಲು ಬಡಿಯಂಗಿಲ್ಲೇನ್ರಿ?"

"ಒಳಗಿನವರು ಬರಬೇಡ ಅಂದರೆ?"

"ಅಂತಾವಲ್ರಿ. ಕಿವಿ ಹಿಂದಕ್ಕ ಹಾಕ್ತಾವು, ಉಗುರು ನೆಲಕ್ಕ ಊರ್ತಾವು. ಆಗ ನಾ ಒಳಗ ಹೋಗಂಗಿಲ್ಲ. ಕಸ ಒಂದೊತ್ತು ಇದ್ರ ಏನು ಗಂಟು ಹೋತು?"

ನನ್ನ ಕೋಣೆಗೂ ಅವರು ಹಾಗೆಯೇ ಬರುತ್ತಿದ್ದರು. ಬಾಗಿಲು ತೆರೆದೇ ಇದ್ದರೂ ಮೂರು ಸಲ ಬಡಿತ, ಆಮೇಲೆ ಕಾಯುವುದು. ನಾನು ಬರೆಯುತ್ತಿರುವ ಸಾಲು ಮುಗಿಸಿ ತಲೆ ಎತ್ತಿದ ಮೇಲೆಯೇ ಒಳಗೆ ಕಾಲಿಡುತ್ತಿದ್ದರು. ಆ ಕಚೇರಿಯಲ್ಲಿ ಬೇರೆ ಯಾರೂ ಹಾಗೆ ಮಾಡಿದ್ದಿಲ್ಲ.

ಕೇಂದ್ರದ ಹಿಂಬದಿಯ ಸಾಲಿನಲ್ಲಿ ಒಂದು ಕತ್ತೆಕಿರುಬವಿತ್ತು. ವಡ್ಡು ಗ್ರಾಮದ ಕಡೆಯ ಹೊಲವೊಂದರಲ್ಲಿ ಹಂದಿಗೆಂದು ಒಡ್ಡಿದ ತಂತಿಯ ಉರುಳಿಗೆ ಸಿಕ್ಕಿ ಬಂದದ್ದು. ಮುಂದಿನ ಎಡಗಾಲಿನ ಪಂಜವನ್ನು ಡಾಕ್ಟರು ಕತ್ತರಿಸಬೇಕಾಯಿತು. ಮೂರು ಕಾಲಿನ ಪ್ರಾಣಿಯನ್ನು ಮತ್ತೆ ಗುಡ್ಡಕ್ಕೆ ಬಿಡುವಂತಿರಲಿಲ್ಲ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಸಿಮೆಂಟ್ ನೆಲ, ಮೂರು ಕಡೆ ಜಾಲರಿ, ಮೇಲೆ ತಗಡು. ಹಗಲಿನಲ್ಲಿ ಕಣ್ಣಿಗೆ ಬೀಳದೆ ಬದುಕುವ ಪ್ರಾಣಿ ಅದು. ಆ ಪಂಜರದಲ್ಲಿ ಇಲ್ಲದೆ ಇದ್ದದ್ದು ಅಡಗಲು ಜಾಗ. ನೀರಿನ ತೊಟ್ಟಿಯ ಹಿಂದೆ ಒಂದು ಮೊಳ ಸಂದಿ ಇತ್ತು. ತಲೆಯನ್ನು ಅದರೊಳಗೆ ತೂರಿಸಿ, ಉಳಿದ ಮೈಯನ್ನು ಜನರಿಗೆ ಬಿಟ್ಟು ಮಲಗುತ್ತಿತ್ತು.

ಅಕ್ಕ ಕೇಳುತ್ತಿದ್ದದ್ದು ಒಂದೇ. ಅದಕ್ಕೊಂದು ಗವಿ ಕಟ್ಟಿಸಿಕೊಡಿ. ಮ್ಯಾನೇಜರಿಗೆ, ಡಾಕ್ಟರಿಗೆ, ಬಂದ ಅತಿಥಿಗಳಿಗೆ, ಒಮ್ಮೆ ಪೇಂಟ್ ಹಚ್ಚಲು ಬಂದವನಿಗೂ ಹೇಳಿದ್ದನ್ನು ಕೇಳಿದ್ದೇನೆ. ಯಾರೂ ಇಲ್ಲ ಎನ್ನಲಿಲ್ಲ. ನೋಡೋಣ ಎಂದರು. ಕಾಯುತ್ತಾ ಕೂರದೆ ಅವರು ಮನೆಯಿಂದ ಗೋಣಿಚೀಲ ತಂದು, ನೀರಿನಲ್ಲಿ ಅದ್ದಿ, ಜಾಲರಿಯ ಎರಡು ಬದಿಗೆ ಕಟ್ಟಿದರು. ಭಾನುವಾರ ಬಂದರೆ ಮ್ಯಾನೇಜರು ಅದನ್ನು ಬಿಚ್ಚಿಸುತ್ತಿದ್ದರು.

"ಅಕ್ಕ, ಚೀಲ ತೆಗಿ. ಟಿಕೆಟ್ ತಗೊಂಡವರು ಕಂಪ್ಲೇಂಟ್ ಮಾಡ್ತಾರ."

"ಸಾಹೇಬ್ರ, ನಿಮ್ಮನಿ ಬಚ್ಚಲಕ್ಕ ಬಾಗಿಲಿಲ್ಲೇನ್ರಿ?"

"ಈಕೆ ಬಾಯಿಗೆ ಬೀಳಬಾರದಪ್ಪ," ಎಂದು ಮ್ಯಾನೇಜರು ನನ್ನ ಕಡೆ ನೋಡಿ ನಕ್ಕರು. ಕೆಟ್ಟ ಮನುಷ್ಯರಲ್ಲ. ಚೀಲ ಮಾತ್ರ ಬಿಚ್ಚಿಸಿದರು. ಸೋಮವಾರ ಬೆಳಿಗ್ಗೆ ಅವು ಮತ್ತೆ ಕಟ್ಟಿಕೊಂಡಿರುತ್ತಿದ್ದವು.

ಒಮ್ಮೆ ಒಂದು ಗುಂಪು ಪಂಜರದ ಮುಂದೆ ನಿಂತು ಜಾಲರಿ ಕುಲುಕುತ್ತಿತ್ತು. ಅಕ್ಕ ಬಕೆಟ್ ಇಟ್ಟು ಬಂದರು.

"ಏನ್ ಬೇಕಾಗಿತ್ರಿ?"

"ಏನಿಲ್ಲಮ್ಮ, ಎದ್ದು ನಿಲ್ಲಲಿ ಅಂತ. ಒಂದ್ ಫೋಟೋ."

"ಮಲಗೇತ್ರಿ. ನೀವೆಲ್ಲಿಯವರು?"

"ತೋರಣಗಲ್ಲು. ಕ್ವಾರ್ಟರ್ಸು."

"ನೈಟ್ ಶಿಫ್ಟ್ ಇರತೈತಲ್ರಿ ನಿಮಗ?"

"ಇರತೈತಿ."

"ಇದಕ್ಕೂ ನೈಟ್ ಶಿಫ್ಟೇ. ನೀವು ಡ್ಯೂಟಿ ಮುಗಿಸಿ ಮಲಗಿದಾಗ ನಾ ಬಂದು ಕಿಟಕಿ ಕುಲುಕ್ಲೇನು? ಎದ್ದು ನಿಂದ್ರು ತಮ್ಮಾ, ಫೋಟೋ ತಗೀತೀನಿ ಅನ್ಲೇನು?"

ಅವರಲ್ಲೊಬ್ಬ ನಕ್ಕು ಉಳಿದವರನ್ನು ಎಳೆದುಕೊಂಡು ಹೋದ. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ಕೇಂದ್ರದ ಹೆಸರಿದ್ದ ಗುರುತಿನ ಚೀಟಿ ನನ್ನ ಕೊರಳಿನಲ್ಲಿತ್ತು. ಮಾತನಾಡಿದವರು ಅಕ್ಕ.

ಉಳಿದ ಪ್ರಾಣಿಗಳಿಗೆಲ್ಲ ಯಾರಾದರೂ ಹೆಸರಿಟ್ಟಿದ್ದರು. ಚಿರತೆಗೆ ಒಂದು, ಕರಡಿಮರಿಗೆ ಒಂದು, ಮಂಗಗಳಿಗಂತೂ ಸಿನಿಮಾದವರ ಹೆಸರುಗಳು. ಕತ್ತೆಕಿರುಬಕ್ಕೆ ಇರಲಿಲ್ಲ. ನೀವೇ ಒಂದು ಇಡಿ ಎಂದೆ.

"ಬ್ಯಾಡ್ರಿ. ಹೆಸರಿಟ್ರ ಕರೀಬೇಕನಸ್ತೈತಿ. ಕರದ್ರ ಅದು ಹೊರಗ ಬರಬೇಕಾಗತೈತಿ. ಅದಕ್ಕ ಬರೋ ಮನಸಿಲ್ಲ."

ಬೆಳಿಗ್ಗೆ ಬಂದ ಮೇಲೆ ಅವರು ಮೊದಲು ಮಾಡುತ್ತಿದ್ದ ಕೆಲಸ ಬೂದಿ ನೋಡುವುದು. ಸಂಜೆ ಹೋಗುವ ಮುಂಚೆ ಬಚ್ಚಲೊಲೆಯ ಬೂದಿಯನ್ನು ಒಂದು ಡಬ್ಬಿಯಿಂದ ತೆಗೆದು ಪಂಜರದ ನೆಲದ ಮೇಲೆ ತೆಳ್ಳಗೆ ಜರಡಿಯಲ್ಲಿ ಉದುರಿಸುತ್ತಿದ್ದರು. ಬೆಳಿಗ್ಗೆ ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಮುಟ್ಟದೆ, ಬೆರಳನ್ನು ಗಾಳಿಯಲ್ಲಿ ಆಡಿಸುತ್ತಾ ಹೆಜ್ಜೆಗಳನ್ನು ಎಣಿಸುತ್ತಿದ್ದರು. ಪ್ರಾಣಿ ರಾತ್ರಿ ಎಲ್ಲಿ ನಡೆದಿದೆ, ಎಷ್ಟು ಸಲ ತಿರುಗಿದೆ, ಮೊಂಡುಗಾಲನ್ನು ನೆಲಕ್ಕೆ ಊರಿದೆಯೋ ಎತ್ತಿಕೊಂಡಿದೆಯೋ, ಎಲ್ಲವೂ ಅವರಿಗೆ ಅಲ್ಲಿ ಸಿಗುತ್ತಿತ್ತು. ಎರಡು ವರ್ಷದ ಎಂ.ಎಸ್ಸಿ.ಯಲ್ಲಿ ನನಗೆ ಇದನ್ನು ಯಾರೂ ತೋರಿಸಿರಲಿಲ್ಲ. ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಸಹಿ ಹಾಕುವುದನ್ನು ಮಾತ್ರ ಮಗಳು ಕಲಿಸಿದ್ದಳು.

ಸಂಜೆ ಐದಕ್ಕೆ ನನ್ನ ಬಾಗಿಲಿನ ಮೇಲೆ ಮೂರು ಬಡಿತ. ರಿಜಿಸ್ಟರಿನಲ್ಲಿ ಪ್ರತಿ ಪ್ರಾಣಿಗೆ ಒಂದು ಸಾಲು. ಆಹಾರ, ಮಲ, ಗಾಯ, ವರ್ತನೆ. ಅಕ್ಕ ಒಂದೊಂದೇ ಪ್ರಾಣಿಯ ವಿಷಯ ಹೇಳುವರು, ನಾನು ತುಂಬುವೆ. ಕತ್ತೆಕಿರುಬದ ಸರದಿ ಬಂದಾಗ ಅವರು ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು.

"ಇವತ್ತು ತೊಟ್ಟಿಂದ ಬಾಗಿಲಿಗೆ, ಬಾಗಿಲಿಂದ ತೊಟ್ಟಿಗೆ. ನಲವತ್ತು ಸಲ ನೋಡೀನ್ರಿ, ಆಮ್ಯಾಲ ಎಣಿಸೋದು ಬಿಟ್ಟೆ. ಒಂದ ಜಾಗದಾಗ ತಿರುಗತೈತಿ, ಅಲ್ಲಿ ಸಿಮೆಂಟ್ ನುಣ್ಣಗಾಗೇತಿ. ಮೊಂಡುಗಾಲು ಕಡಕೊಳ್ಳಾಕತ್ತೈತಿ. ಜನ ಇರೋತನಕ ನೀರು ಮುಟ್ಟಲಿಲ್ಲ. ಬರಕಂಡ್ರೇನ್ರಿ?"

"ಬರೆದೆ ಅಕ್ಕ."

ವರ್ತನೆಯ ಕಾಲಂ ಎರಡು ಬೆರಳಿನಷ್ಟು ಅಗಲ. ನಾನು ಬರೆಯುತ್ತಿದ್ದದ್ದು: ಸಾಮಾನ್ಯ.

ಇದನ್ನು ಸರಿಯಾಗಿ ಹೇಳಬೇಕು. ನಾನು ಸುಳ್ಳು ಬರೆಯಲಿಲ್ಲ, ಸೋಮಾರಿತನದಿಂದಲೂ ಬರೆಯಲಿಲ್ಲ. ಹಿಂದಿನ ದಿನಕ್ಕಿಂತ ಬೇರೆ ಏನಾದರೂ ಕಂಡರೆ ಮಾತ್ರ ದಾಖಲಿಸಬೇಕು ಎಂದು ನಾನು ಕಲಿತಿದ್ದೆ. ನಿನ್ನೆಯೂ ಅದು ತಿರುಗಿತ್ತು, ಮೊನ್ನೆಯೂ ತಿರುಗಿತ್ತು, ಇವತ್ತೂ ತಿರುಗಿದೆ. ಬದಲಾವಣೆ ಇಲ್ಲ. ಹೀಗೆ ಎರಡು ವರ್ಷ, ನೀಲಿ ಇಂಕಿನಲ್ಲಿ, ಒಂದರ ಕೆಳಗೆ ಒಂದು, ಎಲ್ಲೂ ಚಿತ್ತುಕಾಟು ಇಲ್ಲದೆ. ನನ್ನ ರಿಜಿಸ್ಟರನ್ನು ಹೊಸಬರಿಗೆ ಮಾದರಿ ಎಂದು ತೋರಿಸುತ್ತಿದ್ದರು.

ಮೇಲಿನಿಂದ ತಪಾಸಣೆ ತಂಡ ಬಂದ ವರ್ಷ, ಹೊಸದಾಗಿ ಒಂದೇ ಒಂದು ತೆರೆದ ಆವರಣ ಕಟ್ಟಲು ಅವಕಾಶವಿತ್ತು. ಮಣ್ಣು, ಬಂಡೆ, ಪೊದೆ ಇರುವ ಜಾಗ. ಚಿರತೆಗೋ ಕತ್ತೆಕಿರುಬಕ್ಕೋ ಎಂಬುದನ್ನು ಆ ತಂಡ ಹೇಳಬೇಕಾಗಿತ್ತು. ಅಕ್ಕ ಅವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಕಚೇರಿಯ ಬಾಗಿಲಲ್ಲಿ ನಿಂತಿದ್ದರು, ಬಡಿಯದೆ, ಒಳಗೆ ದೊಡ್ಡವರು ಕೂತಿದ್ದರಿಂದ.

ತಂಡದ ಹಿರಿಯರು ನನ್ನ ರಿಜಿಸ್ಟರ್ ತಿರುವಿದರು. "ಚಿರತೆ ಆಹಾರ ಬಿಟ್ಟದ್ದು ಎರಡು ಸಲ ಇದೆ. ಕತ್ತೆಕಿರುಬದ್ದು ನೋಡಿ, ಎಲ್ಲಾ ಸಾಮಾನ್ಯ. ಇದಕ್ಕೆ ತೊಂದರೆ ಏನೂ ಕಾಣೋದಿಲ್ಲ."

"ಇಲ್ರಿ ಸಾರ್," ಅಕ್ಕ ಒಳಗೆ ಬಂದರು. "ಇನ್ನೊಂದ್ಸಲ ನೋಡ್ರಿ. ದಿನಾ ಹೇಳೀನಿ ನಾನು. ಮೇಡಮ್ಮಾರು ಎಲ್ಲಾ ಬರದಾರ. ಕಾಲು ಕಡಕೊಳ್ಳೋದು, ತಿರುಗೋದು, ಎಲ್ಲಾ ಐತಿ ಅದರಾಗ."

ಅವರು ರಿಜಿಸ್ಟರನ್ನು ಅಕ್ಕನ ಕಡೆಗೆ ತಿರುಗಿಸಿದರು. ಅಕ್ಕ ಅದರ ಮೇಲೆ ಬಗ್ಗಿದರು. ಬೂದಿಯ ಮೇಲೆ ಆಡಿಸಿದ ಹಾಗೆಯೇ ಬೆರಳನ್ನು ಸಾಲುಗಳ ಮೇಲೆ, ಮುಟ್ಟದೆ, ಕೆಳಗಿನವರೆಗೂ ಆಡಿಸಿದರು. ಎಲ್ಲ ಸಾಲಿನಲ್ಲೂ ಒಂದೇ ಗುರುತು ಇರುವುದು ಓದಲು ಬಾರದವರಿಗೂ ಕಾಣುತ್ತದೆ. ನನ್ನ ಕಡೆ ನೋಡಿದರು.

"ಏನು ಬರದೀರಿ ಇಲ್ಲಿ?"

"ಸಾಮಾನ್ಯ ಅಂತ."

"ಆ ಒಂದು ಮಾತಿನಾಗ ಎಲ್ಲಾ ಬಂತೇನ್ರಿ?"

 ವ್ಯಂಗ್ಯವಾಗಿ ಕೇಳಿದ್ದಲ್ಲ ಅದು. ಅಕ್ಷರದಲ್ಲಿ ಹಾಗೂ ಆಗಬಹುದೇನೋ, ಅಷ್ಟು ದೊಡ್ಡದು ಅಷ್ಟು ಚಿಕ್ಕದರಲ್ಲಿ ಹಿಡಿಯಬಹುದೇನೋ ಎಂದು ನಿಜವಾಗಿ ಕೇಳಿದ್ದರು. ಆವರಣ ಚಿರತೆಗೆ ಹೋಯಿತು.

ಮರುದಿನ ಅಕ್ಕ ಬರುವುದಿಲ್ಲ, ಬಂದರೂ ನನ್ನ ಕೋಣೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಐದಕ್ಕೆ ಮೂರು ಬಡಿತ ಕೇಳಿಸಿತು. ಸ್ಟೂಲಿನ ಮೇಲೆ ಕೂತು ನವಿಲಿನಿಂದ ಶುರು ಮಾಡಿ ಕತ್ತೆಕಿರುಬದವರೆಗೆ ಬಂದರು. ಎಂದಿನಂತೆ ಎಲ್ಲ ಹೇಳಿದರು. ನಾನು ಒಂದು ಬಿಳಿ ಹಾಳೆಯ ಮೇಲೆ ಬರೆದುಕೊಂಡೆ. ಬರಕಂಡ್ರೇನ್ರಿ ಎಂದು ಕೇಳಲಿಲ್ಲ.

"ಓದಿ ಹೇಳ್ರಿ," ಎಂದರು.

ಓದಿದೆ.

"ಹನ್ನೆರಡಲ್ರಿ, ಹದಿನಾಕು ಸಲ. ಮತ್ತ ಎಡಕ್ಕ ತಿರುಗತೈತಿ, ಬಲಕ್ಕಲ್ಲ. ಬಲಕ್ಕ ತಿರುಗಾಕ ಆ ಕಾಲು ಬರಂಗಿಲ್ಲ."

ತಿದ್ದಿದೆ. ಮತ್ತೆ ಓದಿಸಿದರು. ಆ ಹಾಳೆಯನ್ನು ರಿಜಿಸ್ಟರಿನ ಪುಟಕ್ಕೆ ಮೈದಾ ಅಂಟಿನಿಂದ ಅಂಟಿಸಿದೆವು. ಅವತ್ತಿನಿಂದ ಅವರು ಕೆಲಸ ಬಿಡುವವರೆಗೆ ಒಂದು ಸಂಜೆಯೂ ಇದು ತಪ್ಪಲಿಲ್ಲ. ನಾನು ಜೋರಾಗಿ ಓದುವವಳಲ್ಲ. ಮೊದಮೊದಲು ನನ್ನ ದನಿ ನನಗೇ ಪರಕೀಯವಾಗಿತ್ತು. "ಇನ್ನೊಂಚೂರು ಜೋರ್ರಿ, ನೀವೂ ಅದರಂಗ ಮೂಲಿ ಹಿಡದು ಕುಂದ್ರಬ್ಯಾಡ್ರಿ," ಎನ್ನುವರು. ಅಂಟಿಸಿದ ಹಾಳೆಗಳಿಂದ ರಿಜಿಸ್ಟರ್ ಉಬ್ಬಿ ಮುಚ್ಚದಂತಾಯಿತು. ಅಕ್ಕ ಅದನ್ನು ಗೋಣಿ ದಾರದಿಂದ ಕಟ್ಟಿಕೊಟ್ಟರು. ಮಾದರಿ ಎಂದು ಯಾರಿಗೂ ತೋರಿಸುವಂತಿರಲಿಲ್ಲ.

ತಪ್ಪಿನ ಬಗ್ಗೆ ನಾವು ಮಾತನಾಡಲಿಲ್ಲ. ಕ್ಷಮಿಸಿ ಎಂದು ನಾನು ಹೇಳಲಿಲ್ಲ. ಬೇವಿನ ಮರದ ಕೆಳಗೆ ಅಕ್ಕಪಕ್ಕ ಕೂತು ಅಷ್ಟು ವರ್ಷ ಊಟ ಮಾಡಿದರೂ ಅವರು ತಮ್ಮ ಬುತ್ತಿಯಿಂದ ನನಗೆ ಏನೂ ಕೊಟ್ಟವರಲ್ಲ, ನಾನೂ ಕೇಳಿದವಳಲ್ಲ. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಅದರ ಬಗ್ಗೆಯೂ ಮಾತನಾಡಲಿಲ್ಲ.

ಎರಡನೆಯ ತಪಾಸಣೆಗೆ ಬಂದವರಲ್ಲಿ ಒಬ್ಬ ಮಹಿಳಾ ಡಾಕ್ಟರ್ ಇದ್ದರು. ಗೋಣಿ ದಾರ ಬಿಚ್ಚಿ, ನಿಂತುಕೊಂಡೇ ಅಂಟಿಸಿದ ಹಾಳೆಗಳನ್ನು ಓದಿದರು. ಆಮೇಲೆ ಹಿಂಬದಿಯ ಸಾಲಿಗೆ ಹೋಗಿ, ಅಕ್ಕನ ಸ್ಟೂಲು ತರಿಸಿ, ಪಂಜರದ ಎದುರು ಕೂತರು. ಅಲ್ಲಿಂದ ಎದ್ದು ಬಂದ ಮೇಲೆ ಕತ್ತೆಕಿರುಬಕ್ಕೆ ಮಣ್ಣಿನ ಆವರಣ ಮತ್ತು ಗವಿ ಎಂದು ಬರೆದು ಸಹಿ ಹಾಕಿದರು.

ಕಟ್ಟುವ ಕೆಲಸ ಶುರುವಾಗುವ ಮೊದಲೇ ಅಕ್ಕನ ಗುತ್ತಿಗೆ ಮುಗಿಯಿತು. ವಯಸ್ಸಾದವರನ್ನು ಮುಂದುವರಿಸುವುದಿಲ್ಲ ಎಂದು ಗುತ್ತಿಗೆದಾರ ಹೇಳಿದ. ಕೊನೆಯ ದಿನ ಕೀಲಿಯ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಬೂದಿಯ ಡಬ್ಬಿ ಮತ್ತು ಜರಡಿ.

"ಗವಿಗೆ ಎರಡು ಬಾಯಿ ಇರಬೇಕ್ರಿ. ಒಳಗ ಹೋಗಾಕ ಒಂದು, ಓಡಿ ಹೋಗಾಕ ಒಂದು. ಒಂದ ಬಾಯಿ ಇದ್ರ ಅದೂ ಪಂಜರನ. ಬರಕಳ್ರಿ."

ಬರೆದುಕೊಂಡೆ.

"ಓದಿ ಹೇಳ್ರಿ."

ಓದಿದೆ. ಸರಿ ಎಂದು ತಲೆಯಾಡಿಸಿ ಸಂಡೂರಿನಿಂದ ಬರುವ ಬಸ್ಸಿಗೆ ನಡೆದರು. ನಾನು ಗೇಟಿನವರೆಗೆ ಹೋಗಲಿಲ್ಲ. ಇನ್ನೂ ಕರಡಿಮರಿಯ ಸಾಲು ತುಂಬುವುದಿತ್ತು.

ಗವಿಯ ನಕ್ಷೆ ಬಂದಾಗ ಅದರಲ್ಲಿ ಎರಡು ಬಾಯಿ ಇದ್ದವು, ಜೊತೆಗೆ ಒಂದು ಪಕ್ಕದ ಗೋಡೆಯಲ್ಲಿ ಗಾಜಿನ ಕಿಟಕಿ. ಒಳಗೆ ಮಲಗಿರುವುದನ್ನು ಜನ ನೋಡಲಿ ಎಂದು. ಬೇರೆ ಕಡೆಗಳಲ್ಲಿ ಹೀಗೆ ಮಾಡುತ್ತಾರೆ, ಚೆನ್ನಾಗಿರುತ್ತದೆ ಎಂದರು ಎಂಜಿನಿಯರು. ಮ್ಯಾನೇಜರು ತಲೆಯಾಡಿಸಿದರು. ಅಕ್ಕ ಇದ್ದಿದ್ದರೆ ಬಚ್ಚಲಿನ ಮಾತು ಎತ್ತುತ್ತಿದ್ದರು. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. ರಿಜಿಸ್ಟರ್ ತಂದು ದಾರ ಬಿಚ್ಚಿ, ಮೊದಲ ಅಂಟಿಸಿದ ಹಾಳೆಯಿಂದ ಓದಲು ಶುರು ಮಾಡಿದೆ. ಜನ ಇರುವವರೆಗೆ ನೀರು ಮುಟ್ಟಲಿಲ್ಲ. ಶಾಲೆಯ ಬಸ್ಸು ಬಂದಾಗ ತೊಟ್ಟಿಯ ಹಿಂದೆ ತಲೆ ಹಾಕಿತು, ಬಸ್ಸು ಹೋದ ಮೇಲೆ ತೆಗೆಯಿತು. ಭಾನುವಾರ ಚೀಲ ಬಿಚ್ಚಿದ ಮೇಲೆ ಹದಿನಾಲ್ಕು ಸಲ, ಸೋಮವಾರ ಕಟ್ಟಿದ ಮೇಲೆ ಆರು ಸಲ. ಅವರು ಸಾಕು ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ. ಒಂಬತ್ತೋ ಹತ್ತೋ ಹಾಳೆಯಾದ ಮೇಲೆ ಮ್ಯಾನೇಜರು, "ಆಯ್ತು, ಆ ಕಿಟಕಿ ಕೈಬಿಡ್ರಿ," ಎಂದು ಎದ್ದು ಹೋದರು.

ಪ್ರಾಣಿಯನ್ನು ಹೊಸ ಆವರಣಕ್ಕೆ ಬಿಟ್ಟಾಗ ಮೂರು ದಿನ ಅದು ಅಲ್ಲಿಯೂ ಬೇಲಿಯ ಒಂದು ಮೂಲೆಯಲ್ಲಿ ಹನ್ನೆರಡು ಅಡಿಯ ಅಳತೆಯಲ್ಲೇ ತಿರುಗಿತು. ನಾಲ್ಕನೆಯ ದಿನ ಗವಿಯೊಳಗೆ ಹೋಯಿತು.

ಇದನ್ನು ಹೇಳಲು ಎಮ್ಮಿಗನೂರಿಗೆ ಹೋಗಿದ್ದೆ. ಕಂಪ್ಲಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಅಕ್ಕನಿಗೆ ಆಗಲೇ ಉಸಿರಾಟದ ತೊಂದರೆ ಇತ್ತು. ಪಡಸಾಲೆಯ ಕಟ್ಟೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಹಿಂದೆ ಗೋಡೆಯಲ್ಲಿ ಬುದ್ಧನ ಒಂದು ಚಿತ್ರ, ಎದುರಿಗೆ ಬಾಗಿಲಾಚೆ ಗದ್ದೆ. ಬಾಗಿಲು ತೆರೆದಿತ್ತು. ನಾನು ಚೌಕಟ್ಟಿನ ಮೇಲೆ ಮೂರು ಸಲ ಬಡಿದು ನಿಂತೆ. ಅವರು ಕಿವಿಯ ಹಿಂದೆ ಕೈ ಇಟ್ಟುಕೊಂಡು, ಕಿವಿ ಹಿಂದಕ್ಕೆ ಮಡಚಿದಂತೆ ಮಾಡಿ ನಕ್ಕರು. ಮತ್ತೆ, "ಬರ್ರಿ, ಕುಂದ್ರಿ," ಎಂದರು. ಮಗಳು ಚಹಾ ತಂದಳು. ಅಕ್ಕ ನನ್ನ ಲೋಟವನ್ನೇ ನೋಡುತ್ತಿದ್ದರು. ಕುಡಿದೆ. ಇನ್ನೊಂದು ಲೋಟ ತಾ ಎಂದು ಮಗಳಿಗೆ ಹೇಳಿದರು. ಅದನ್ನೂ ಕುಡಿದೆ.

"ಈಗ ಕಾಣತೈತೇನ್ರಿ ಅದು?"

"ಇಲ್ಲ ಅಕ್ಕ. ಹಗಲೆಲ್ಲ ಗವಿಯಲ್ಲೇ ಇರುತ್ತದೆ. ಜನ ಖಾಲಿ ಆವರಣ ನೋಡಿ ಬೈಯುತ್ತಾರೆ."

"ಬೈಲಿ." ಬಹಳ ಹೊತ್ತು ಉಸಿರು ತೆಗೆದುಕೊಂಡರು. "ಭಾಳ ಚಲೋ ಆತು. ಬರದೀರೇನ್ರಿ ಅದನ್ನ?"

ಬರೆದಿದ್ದೇನೆ ಎಂದೆ. ಅವರು ಕಾಯುತ್ತಿದ್ದರು. ರಿಜಿಸ್ಟರ್ ತಂದಿರಲಿಲ್ಲ. ನೆನಪಿನಿಂದ ಓದಿ ಹೇಳಿದೆ. ಆ ಸಲ ಏನನ್ನೂ ತಿದ್ದಲಿಲ್ಲ.

ಅವರ ಹೆಸರು ಬರೆಯದಿರುವುದಕ್ಕೆ ಕಾರಣ ಇಷ್ಟೇ. ಪತ್ರಿಕೆಯವರೊಬ್ಬರು ಒಮ್ಮೆ ಗವಿಯ ಫೋಟೋ ತೆಗೆಯಲು ಬಂದಾಗ ಈ ಕೆಲಸ ಮಾಡಿಸಿದವರು ಯಾರೆಂದು ಕೇಳಿದರು. ಅಕ್ಕನಿಗೆ ಫೋನ್ ಮಾಡಿ ನಿಮ್ಮ ಹೆಸರು ಕೊಡಲೇ ಎಂದೆ. "ಕೊಡಬ್ಯಾಡ್ರಿ. ಆಮ್ಯಾಲ ಕರೀತಾರ," ಎಂದರು.

ಆ ಸಂಜೆ, ಮಗಳ ಫೋನು ಬಂದ ಮೇಲೆ, ನವಿಲಾದ ಮೇಲೆ ಪುನುಗುಬೆಕ್ಕು, ಕರಡಿ, ಚಿರತೆ, ಎಲ್ಲ ಮುಗಿಸಿದೆ. ಕೊನೆಗೆ ಒಂದು ಬಿಳಿ ಹಾಳೆ ತೆಗೆದುಕೊಂಡೆ. ಗವಿಯ ಎರಡೂ ಬಾಯಿಯ ಮುಂದೆ ನಾನೀಗ ಬೂದಿ ಉದುರಿಸುತ್ತೇನೆ. ಬೆಳಿಗ್ಗೆ ನೋಡಿದ್ದನ್ನು ಬರೆದೆ. ಒಂದು ಬಾಯಿಯಿಂದ ಹೊರಗೆ ಹೋದ ಹೆಜ್ಜೆ, ಇನ್ನೊಂದರಿಂದ ಒಳಗೆ ಬಂದ ಹೆಜ್ಜೆ. ಎಲ್ಲ ಕಡೆ ಮೂರು ಪಂಜ, ನಾಲ್ಕನೆಯ ಜಾಗದಲ್ಲಿ ಅಲ್ಲಲ್ಲಿ ಒಂದು ದುಂಡನೆಯ ಗುರುತು, ಅಂದರೆ ಮೊಂಡುಗಾಲನ್ನೂ ಊರಿದೆ. ಮಾಂಸ ಪೂರ್ತಿ ತಿಂದಿದೆ. ಹಗಲು ಕಾಣಲಿಲ್ಲ.

ಹಾಳೆ ಅಂಟಿಸುವ ಮೊದಲು ಓದಿದೆ, ಅಕ್ಕನ ಸ್ಟೂಲಿಗೆ ಕೇಳುವಷ್ಟು ಜೋರಾಗಿ. ಒಂದು ಕಡೆ ಎಡಕ್ಕೆ ಎನ್ನುವಲ್ಲಿ ಬಲಕ್ಕೆ ಎಂದು ಬರೆದಿದ್ದೆ. ಮತ್ತೊಮ್ಮೆ ಓದಿದಾಗ ಸಿಕ್ಕಿತು. ತಿದ್ದಿದೆ.